ಹೆಸರು ಹುಡುಕಿದ ಪಟಾಲಂ

ಸೈನ್ಯದ ಚರಿತ್ರೆ ಬರೆಯುವವರು ದಳಗಳ ಹೆಸರನ್ನು ಅವು ಕಾದಾಡಿದ ಊರುಗಳ ಹೆಸರಿಗೆ ಗಂಟುಹಾಕಿ ಹೇಳುವುದು ವಾಡಿಕೆ. ಎರಡನೆಯ ಮಹಾಯುದ್ಧದ ಅಮೆರಿಕದ ಸೈನ್ಯವನ್ನೇ ನೋಡಿ. 101ನೆಯ ಡಿವಿಜನ್ ಎಂದರೆ 1944ರ ಜೂನ್ 6ರ ನಡುರಾತ್ರಿ ನಾರ್ಮಂಡಿಯ ನೆಲಕ್ಕೆ ಪ್ಯಾರಾಚೂಟಿನಲ್ಲಿ ಇಳಿದವರು, ಅದೇ ವರ್ಷದ ಡಿಸೆಂಬರಿನ ಹಿಮದಲ್ಲಿ ಬಾಸ್ಟೋನ್ ಪಟ್ಟಣವನ್ನು ಬಿಟ್ಟುಕೊಡದೆ ನಿಂತವರು. 442ನೆಯ ರೆಜಿಮೆಂಟ್ ಎಂದರೆ ಇಟಲಿ, ಫ್ರಾನ್ಸ್‌ಗಳಲ್ಲಿ ನೆತ್ತರು ಸುರಿಸಿದ ಜಪಾನಿ ಮೂಲದ ಹುಡುಗರು. ಅವರಲ್ಲಿ ಹಲವರ ತಂದೆತಾಯಿಗಳನ್ನು ಅದೇ ಸರ್ಕಾರ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತ್ತು. ಇವರ ಕಥೆಗಳನ್ನು ನಾನೂ ಬೆರಗಿನಿಂದಲೇ ಓದಿದ್ದೇನೆ. ಆದರೆ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿರುವುದು ಯಾವ ಊರನ್ನೂ ಗೆಲ್ಲದ ಒಂದು ದಳ. ಅದರ ಸಂಖ್ಯೆ 6888. ಅದರ ಕೆಲಸ ಕಾಗದಗಳನ್ನು ವಿಂಗಡಿಸುವುದು.

ಬೆಟಾಲಿಯನ್ ಎಂಬ ಮಾತು ನಮ್ಮ ಬಾಯಲ್ಲಿ ಪಟಾಲಂ ಆಗಿ, ಈಗ ಯಾರದಾದರೂ ಹಿಂದೆ ಗುಂಪುಕಟ್ಟಿಕೊಂಡು ತಿರುಗುವವರನ್ನು ಕುರಿತು ಹೇಳುವ ಮಾತಾಗಿದೆ. ಈ ಪಟಾಲಂ 855 ಹೆಂಗಸರದು. ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನಾಂಗದವರು. ಸೈನ್ಯದ ಮಹಿಳಾ ದಳದಿಂದ ಯುದ್ಧಕಾಲದಲ್ಲಿ ಯೂರೋಪಿಗೆ ಹೋದ ಕಪ್ಪು ಮಹಿಳೆಯರ ತುಕಡಿ ಇದೊಂದೇ. ಇದರ ಒಡತಿ ಮೇಜರ್ ಚಾರಿಟಿ ಆಡಮ್ಸ್. ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಬೆಳೆದು, ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ಆಕೆ 1942ರಲ್ಲಿ ಸೈನ್ಯಕ್ಕೆ ಸೇರಿದರು. 1945ರಲ್ಲಿ ಅವರ ವಯಸ್ಸು ಇಪ್ಪತ್ತಾರು.

ಆಗಿನ ಅಮೆರಿಕದ ಸೈನ್ಯದಲ್ಲಿ ಕರಿಯರು ಬೇರೆ, ಬಿಳಿಯರು ಬೇರೆ. ಮಲಗುವ ಕೊಟ್ಟಡಿ ಬೇರೆ, ಊಟದ ಮೇಜು ಬೇರೆ. ಗಾಯಾಳುಗಳಿಗೆಂದು ರೆಡ್‌ಕ್ರಾಸ್ ಸಂಗ್ರಹಿಸಿದ ರಕ್ತವನ್ನೂ ಬೇರೆ ಬೇರೆಯಾಗಿಯೇ ಇಡುತ್ತಿದ್ದರು. ಪಂಕ್ತಿಭೇದವೆಂಬುದು ನಮಗೆ ಯಾರೂ ಬಿಡಿಸಿ ಹೇಳಬೇಕಾದ ಸಂಗತಿಯಲ್ಲವಾದ್ದರಿಂದ ನಾನು ಇದನ್ನು ಬೆಳೆಸುವುದಿಲ್ಲ. ಈ ಹೆಂಗಸರನ್ನೂ ಹೊರದೇಶಕ್ಕೆ ಕಳಿಸಬೇಕೆಂದು ಮೇರಿ ಮ್ಯಾಕ್ಲಿಯೋಡ್ ಬೆಥ್ಯೂನ್ ಅವರಂಥ ಕಪ್ಪು ನಾಯಕಿಯರು ಪಟ್ಟುಹಿಡಿದ ಮೇಲೆಯೇ ಸೈನ್ಯ ಒಪ್ಪಿದ್ದು. 1945ರ ಫೆಬ್ರವರಿ 3ರಂದು ಮೊದಲ ತಂಡ ಹಡಗು ಹತ್ತಿತು. ಹನ್ನೊಂದು ದಿನಗಳ ಮೇಲೆ ಸ್ಕಾಟ್‌ಲೆಂಡಿನಲ್ಲಿ ಇಳಿದು, ಅಲ್ಲಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸೇರಿತು.

ಅಲ್ಲಿ ಅವರಿಗಾಗಿ ಕಾದಿದ್ದುದು ಕಾಗದದ ಬೆಟ್ಟ. ಸೈನ್ಯ ಒಂದೇ ಸಮನೆ ಮುಂದಕ್ಕೆ ಸಾಗುತ್ತಿತ್ತು. ಇವತ್ತು ಇದ್ದ ಕಡೆ ಸಿಪಾಯಿ ನಾಳೆ ಇಲ್ಲ. ಅವನ ಹಿಂದೆ ಓಡಲಾರದೆ ಅಂಚೆ ಸೋತು ಕುಳಿತಿತ್ತು. ಬಿದ್ದಿದ್ದ ಕಾಗದ, ಪಾರ್ಸೆಲುಗಳು ಸುಮಾರು 1 ಕೋಟಿ 70 ಲಕ್ಷವೆಂದು ಲೆಕ್ಕ. ಕೆಲವು ಬಂದು ಎರಡು ವರ್ಷಗಳೇ ಆಗಿದ್ದವು. ಕ್ರಿಸ್‌ಮಸ್‌ಗೆಂದು ಮನೆಯವರು ಕಳಿಸಿದ್ದ ತಿಂಡಿ ಕೊಳೆತು, ಇಲಿಗಳು ಪೊಟ್ಟಣಗಳನ್ನು ಕೊರೆದಿದ್ದವು. ಕೆಲಸದ ಜಾಗದಲ್ಲಿ ಬೆಂಕಿಯ ಕಾವಿಲ್ಲ. ವಿಮಾನದಾಳಿಯ ಭಯಕ್ಕೆ ಕಿಟಕಿಯ ಗಾಜುಗಳಿಗೆ ಕಪ್ಪು ಬಳಿದಿದ್ದರಿಂದ ಹಗಲು ಬೆಳಕೂ ಇಲ್ಲ.

ನಾನು ಬಹುಕಾಲ ಅಂಚೆ ವಿಂಗಡಣೆಯ ಖಾನೆಗಳ ಮುಂದೆ ರಾತ್ರಿ ಪಾಳಿ ಮಾಡಿದವನು. 'ದೊಡ್ಡಮನೆ ಶಾನುಭೋಗರ ಮೂರನೆಯ ಮಗ ರಾಮಣ್ಣನಿಗೆ, ಹನುಮಂತನ ಗುಡಿ ಹತ್ತಿರ' ಎಂದಷ್ಟೇ ಬರೆದ ಕಾಗದ ಕೈಗೆ ಬಂದಾಗ ಆಗುವ ಪಾಡು ನನಗೆ ಗೊತ್ತು. ಹೊರಗಿನವರಿಗೆ ಅದು ನಗುವ ವಿಷಯ. ಬರೆದ ಮುದುಕಿಗೆ ಮಾತ್ರ ಅದೇ ಪೂರ್ಣ ವಿಳಾಸ. ಲೋಕದಲ್ಲಿ ಇನ್ನೊಬ್ಬ ರಾಮಣ್ಣ ಇದ್ದಾನೆಂಬುದು ಅವಳ ಮನಸ್ಸಿಗೆ ಬಂದಿರುವುದೇ ಇಲ್ಲ. ಬರ್ಮಿಂಗ್‌ಹ್ಯಾಮಿಗೂ 'ಜೂನಿಯರ್, ಅಮೆರಿಕದ ಸೈನ್ಯ' ಎಂದಷ್ಟೇ ಬರೆದ ಕಾಗದಗಳು ಬರುತ್ತಿದ್ದವು. ಸರಿಯಾಗಿ ಹೆಸರು ಬರೆದಿದ್ದರೂ ತೊಡಕು ತಪ್ಪಲಿಲ್ಲ, ಏಕೆಂದರೆ ರಾಬರ್ಟ್ ಸ್ಮಿತ್ ಎಂಬ ಹೆಸರಿನವರೇ ಸುಮಾರು 7,500 ಮಂದಿ ಇದ್ದರು.

ಈ ಹೆಂಗಸರು ಯೂರೋಪಿನಲ್ಲಿದ್ದ ಸುಮಾರು 70 ಲಕ್ಷ ಅಮೆರಿಕನ್ನರ ಕಾರ್ಡುಗಳನ್ನು ಇಟ್ಟುಕೊಂಡರು. ಹೆಸರು ಒಂದೇ ಆದರೂ ಸೇನಾಸಂಖ್ಯೆ ಒಂದೇ ಆಗಿರುವುದಿಲ್ಲ. ಆ ಸಂಖ್ಯೆಯನ್ನು ಹಿಡಿದು ಒಬ್ಬ ಸ್ಮಿತ್‌ನನ್ನು ಇನ್ನೊಬ್ಬ ಸ್ಮಿತ್‌ನಿಂದ ಬಿಡಿಸಿದರು. ಸಿಪಾಯಿ ಜಾಗ ಬದಲಿಸಿದ ಹಾಗೆಲ್ಲ ಅವನ ಕಾರ್ಡನ್ನೂ ತಿದ್ದಿದರು. ಕೆಲವು ಕಾರ್ಡುಗಳು ಅವನು ಸತ್ತನೆಂದು ಹೇಳುತ್ತಿದ್ದವು. ಅಂಥವನ ಕಾಗದಗಳನ್ನು ಹಿಂದಕ್ಕೆ ಕಳಿಸಬೇಕು. ದಿನಕ್ಕೆ ಮೂರು ಪಾಳಿ, ವಾರಕ್ಕೆ ಏಳು ದಿನ, ಪಾಳಿಯೊಂದಕ್ಕೆ ಸುಮಾರು 65,000 ಕಾಗದ. ಆರು ತಿಂಗಳ ಗಡುವು ಕೊಟ್ಟಿದ್ದ ಕೆಲಸ ಮೂರೇ ತಿಂಗಳಲ್ಲಿ ಮುಗಿಯಿತು.

ಪತ್ರ ವಿಂಗಡಿಸುವ ಕೆಲಸವನ್ನು ಗುಮಾಸ್ತಗಿರಿ ಎನ್ನುವವರುಂಟು. ನನಗೆ ಹಾಗೆನಿಸುವುದಿಲ್ಲ. ಯುದ್ಧ ಮನುಷ್ಯನನ್ನು ಒಂದು ಎಣಿಕೆಯನ್ನಾಗಿ ಮಾಡುತ್ತದೆ. ಈ ಹೆಂಗಸರು ಅದೇ ಎಣಿಕೆಯನ್ನು ಹಿಡಿದುಕೊಂಡು ತಿರುಗಿ ಮನುಷ್ಯನ ಬಳಿಗೆ ಹೋದರು. ಇವನು ಈ ತಾಯಿಯ ಮಗ, ಬೇರೆಯವನಲ್ಲ ಎಂದು ಗುರುತಿಸಿದರು. ಅವರನ್ನು ಮಾತ್ರ ಹಾಗೆ ಒಬ್ಬೊಬ್ಬರನ್ನಾಗಿ ಗುರುತಿಸಲು ಅವರ ಸೈನ್ಯ ಸಿದ್ಧವಿರಲಿಲ್ಲ. ಬಣ್ಣ ನೋಡಿ ಎಲ್ಲರನ್ನೂ ಒಂದೇ ಖಾನೆಗೆ ಹಾಕಿತ್ತು.

ಚಾರಿಟಿ ಆಡಮ್ಸ್ 1989ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾರೆ. ಒಬ್ಬ ಜನರಲ್ ತಪಾಸಣೆಗೆ ಬಂದ. ಸಾಲಿನಲ್ಲಿ ನಿಂತವರು ಕಡಿಮೆ ಕಂಡರು. ಉಳಿದವರು ಎಲ್ಲಿ ಎಂದು ಕೇಳಿದ. ಕೆಲವರು ಕೆಲಸದಲ್ಲಿದ್ದಾರೆ, ರಾತ್ರಿ ಪಾಳಿ ಮಾಡಿದವರು ಮಲಗಿದ್ದಾರೆ ಎಂದರು ಆಡಮ್ಸ್. ಜನರಲ್‌ಗೆ ಸಿಟ್ಟು ಬಂತು. ದಳ ನಡೆಸುವುದು ಹೇಗೆಂದು ತೋರಿಸಿಕೊಡಲು ಒಬ್ಬ ಬಿಳಿಯ ಲೆಫ್ಟಿನೆಂಟನ್ನು ಕಳಿಸುತ್ತೇನೆ ಎಂದ. ಲೆಫ್ಟಿನೆಂಟ್ ಎಂದರೆ ಮೇಜರಿಗಿಂತ ಕೆಳಗಿನವನು. ನನ್ನ ಹೆಣದ ಮೇಲೆ ಅವನು ಬರಬೇಕಾದೀತು ಎಂದು ಆಡಮ್ಸ್ ಅಲ್ಲೇ ಹೇಳಿಬಿಟ್ಟರು. ಜನರಲ್ ಕೋರ್ಟ್ ಮಾರ್ಷಲ್‌ಗೆ ಸಿದ್ಧನಾದ. ಆಡಮ್ಸ್ ಅಳುತ್ತ ಕೂರಲಿಲ್ಲ. ವರ್ಣಭೇದವನ್ನು ಎತ್ತಿ ಆಡುವ ಮಾತು ಕೂಡದೆಂದು ಮಿತ್ರಪಡೆಗಳ ಮುಖ್ಯಾಲಯ ಹೊರಡಿಸಿದ್ದ ಸುತ್ತೋಲೆಯನ್ನು ತೆಗೆದು, ಆತನ ಮೇಲೆಯೇ ದೂರು ಬರೆಯಲು ಕುಳಿತರು. ಜನರಲ್ ಸುಮ್ಮನಾದ. ಕಡತ ಓದಿದವರನ್ನು ಕೆಣಕಬಾರದೆಂದು ಕಚೇರಿಯಲ್ಲಿ ಬಾಳಿದ ನಮಗೆ ಗೊತ್ತಿರುವ ಮಾತೇ.

ಮುಂದೆ ಅವರು ಫ್ರಾನ್ಸಿನ ರೂಆನ್‌ಗೆ ಹೋದರು. ಅಷ್ಟರಲ್ಲಿ ಯೂರೋಪಿನ ಯುದ್ಧ ಮುಗಿದಿತ್ತು. ಅಲ್ಲಿ 1945ರ ಜುಲೈನಲ್ಲಿ ನಡೆದ ಜೀಪ್ ಅಪಘಾತದಲ್ಲಿ ಈ ದಳದ ಮೂವರು ಸತ್ತರು: ಮೇರಿ ಬಾರ್ಲೋ, ಮೇರಿ ಬ್ಯಾಂಕ್‌ಸ್ಟನ್, ಡಲೋರೆಸ್ ಬ್ರೌನ್. ಶವಸಂಸ್ಕಾರಕ್ಕೆ ಸರ್ಕಾರದ ಹಣ ಬರಲಿಲ್ಲ. ಗೆಳತಿಯರೇ ಕೈಯಿಂದ ಕೂಡಿಸಿ ಕೊನೆಯ ಕೆಲಸ ಮಾಡಿದರು. ನಾರ್ಮಂಡಿಯ ಅಮೆರಿಕನ್ ಸ್ಮಶಾನದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. ಅವುಗಳಲ್ಲಿ ಹೆಂಗಸರವು ನಾಲ್ಕು. ನಾಲ್ಕರಲ್ಲಿ ಮೂರು ಇವರವು. ಅಲ್ಲಿಯ ಕಲ್ಲುಗಳೆಲ್ಲ ಒಂದೇ ಬಿಳುಪು. ಬದುಕಿದ್ದಾಗ ಇದ್ದ ಪಂಕ್ತಿ ಅಲ್ಲಿಲ್ಲ.

ಉಳಿದವರು ಸ್ವದೇಶಕ್ಕೆ ಮರಳಿದರು. 1946ರ ಮಾರ್ಚಿನಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್‌ನಲ್ಲಿ ದಳವನ್ನು ವಿಸರ್ಜಿಸಲಾಯಿತು. ಮೆರವಣಿಗೆಯಿಲ್ಲ, ಸನ್ಮಾನವಿಲ್ಲ. ಸೈನ್ಯದಲ್ಲಿ ವರ್ಣಭೇದ ಸಲ್ಲದೆಂದು ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ್ದು 1948ರಲ್ಲಿ. ಆಡಮ್ಸ್ 2002ರಲ್ಲಿ ತೀರಿಕೊಂಡರು. ದಳಕ್ಕೆ ಅಮೆರಿಕದ ಸಂಸತ್ತಿನ ಚಿನ್ನದ ಪದಕ ಕೊಡುವ ಕಾನೂನಿಗೆ ಸಹಿ ಬಿದ್ದದ್ದು 2022ರಲ್ಲಿ. ಅದನ್ನು ಒಪ್ಪಿಸುವ ಸಮಾರಂಭ ನಡೆದದ್ದು 2025ರ ಏಪ್ರಿಲ್‌ನಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿ ಎರಡು ವರ್ಷ ತಡವಾಗಿದ್ದ ಕಾಗದಗಳನ್ನು ಮುಟ್ಟಿಸಿದವರಿಗೆ ಅವರ ದೇಶದ ಕಾಗದ ಮುಟ್ಟಲು ಎಂಬತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಬಹುಪಾಲು ವಿಳಾಸದಾರರೇ ಇರಲಿಲ್ಲ.

ಇನ್ನೊಂದು ಸಂಗತಿ ಉಳಿದಿದೆ. ವರ್ಜೀನಿಯಾದಲ್ಲಿ ಫೋರ್ಟ್ ಲೀ ಎಂಬ ಸೇನಾನೆಲೆಯಿದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬಂಡೆದ್ದ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಲೀಯ ಹೆಸರು ಅದಕ್ಕಿತ್ತು. 2023ರಲ್ಲಿ ಅದನ್ನು ತೆಗೆದು, ಆರ್ಥರ್ ಗ್ರೆಗ್ ಎಂಬ ಕಪ್ಪು ಜನರಲ್ ಮತ್ತು ಚಾರಿಟಿ ಆಡಮ್ಸ್ ಇಬ್ಬರ ಹೆಸರಿಟ್ಟರು. ಎರಡೇ ವರ್ಷ. 2025ರಲ್ಲಿ ಅದು ಮತ್ತೆ ಫೋರ್ಟ್ ಲೀ ಆಯಿತು. ಈ ಬಾರಿಯ ಲೀ ಬೇರೆಯವನೆಂದು ಸರ್ಕಾರ ಹೇಳಿತು: ಫಿಟ್ಜ್ ಲೀ, 1898ರಲ್ಲಿ ಕ್ಯೂಬಾದಲ್ಲಿ ಪರಾಕ್ರಮ ತೋರಿ ಅತ್ಯುನ್ನತ ಪದಕ ಪಡೆದ ಕಪ್ಪು ಸಿಪಾಯಿ. ಅವನು ಗೌರವಕ್ಕೆ ಅರ್ಹನೆಂಬುದರಲ್ಲಿ ಅನುಮಾನವಿಲ್ಲ. ಆದರೆ ಬಾಗಿಲ ಮೇಲಿನ ಹಲಗೆ ಓದುವವನಿಗೆ ಕಾಣುವುದು ಲೀ ಎಂಬುದೊಂದೇ. ಯಾವ ಲೀ ಎಂದು ಕೇಳದೆ ಒಂದು ಲಕೋಟೆಯನ್ನೂ ಮುಂದಕ್ಕೆ ಕಳಿಸದ ಹೆಂಗಸರ ಮುಖ್ಯಸ್ಥೆಯ ಹೆಸರನ್ನು ಅಲ್ಲಿಂದ ಇಳಿಸಿದ್ದು ಹೀಗೆ.