ಮಕ್ಕಳ ಪಾರ್ಶ್ವವಾಯು: ಚಿಕ್ಕಬಳ್ಳಾಪುರ ಸೀಮೆಯ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

ಪಾರ್ಶ್ವವಾಯುವು ಮುಪ್ಪಿನ ರೋಗವೆಂಬುದು ಜನಸಾಮಾನ್ಯರಲ್ಲಿ ರೂಢಮೂಲವಾದ ನಂಬಿಕೆ. ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದವರೂ ಬಹುಮಟ್ಟಿಗೆ ಈ ನಂಬಿಕೆಗೆ ಒಳಗಾಗಿ, ಹಸುಳೆಗಳಿಗೂ ಬಾಲಕರಿಗೂ ತಟ್ಟುವ ಇದೇ ರೋಗವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಟ್ಟಿರುತ್ತಾರೆ. ಆದರೆ ಮಿದುಳಿನ ರಕ್ತನಾಳವು ಮುಚ್ಚುವುದಾಗಲಿ ಒಡೆಯುವುದಾಗಲಿ ವಯಸ್ಸನ್ನು ನೋಡಿ ನಡೆಯುವ ಕ್ರಿಯೆಯಲ್ಲ. ಬೇರೆ ಬೇರೆ ದೇಶಗಳಲ್ಲಿ ನಡೆದಿರುವ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು ೧ರಿಂದ ೧೩ ಮಕ್ಕಳಿಗೆ ಈ ರೋಗವು ಬರುವುದೆಂದು ತಿಳಿದುಬರುತ್ತದೆ. ನವಜಾತ ಶಿಶುಗಳಲ್ಲಿ ಇದರ ಪ್ರಮಾಣ ಇನ್ನೂ ಹೆಚ್ಚು. ಕೆಲವು ಸಾವಿರ ಹೆರಿಗೆಗಳಿಗೆ ಒಂದರಂತೆ ಅದು ಕಾಣಿಸಿಕೊಳ್ಳುತ್ತದೆ.

ಈ ರೋಗದ ಕಾರಣ, ಚಿಕಿತ್ಸೆ, ಮರುಕಳಿಕೆ ಎಂಬ ಮೂರು ವಿಷಯಗಳಲ್ಲಿ ಮನುಷ್ಯನ ತಿಳಿವು ಹೇಗೆ ಬೆಳೆಯಿತೆಂಬುದನ್ನೂ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳ ನಾಡಿಗೆ ಆ ತಿಳಿವು ಯಾವ ಮಾರ್ಗವಾಗಿ ತಲುಪಿತೆಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು ಆ ವರ್ಷ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗಗಳಾದವು.

೧. ಹೆಸರುಗಳ ಸಮಸ್ಯೆ

ರೋಗದ ಇತಿಹಾಸವನ್ನು ಹುಡುಕುವವನಿಗೆ ಮೊದಲು ಎದುರಾಗುವ ತೊಡಕು ಹೆಸರಿನದು. ಚರಕ ಸುಶ್ರುತರು ಪಕ್ಷವಧ, ಪಕ್ಷಾಘಾತ ಎಂಬ ಹೆಸರುಗಳಿಂದ ಶರೀರದ ಅರ್ಧಭಾಗವು ಬಿದ್ದುಹೋಗುವ ರೋಗವನ್ನು ವಾತವ್ಯಾಧಿಗಳಲ್ಲಿ ಸೇರಿಸಿದ್ದಾರೆ. ಆದರೆ ಮಗುವಿನ ಅರ್ಧಾಂಗವು ಬಿದ್ದುಹೋದ ಸಂಗತಿಯನ್ನು ಅಲ್ಲಿ ಹುಡುಕಿದರೆ ಸಾಲದು. ಬಾಲಗ್ರಹಗಳ ಪ್ರಕರಣದಲ್ಲಿಯೂ ಹುಡುಕಬೇಕು. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಸ್ಕಂದಗ್ರಹದ ಲಕ್ಷಣಗಳನ್ನು ಹೇಳುವಾಗ, ಒಂದು ಕಣ್ಣಿನಲ್ಲಿ ನೀರು ಸುರಿಯುವುದು, ತಲೆಯನ್ನು ಮತ್ತೆ ಮತ್ತೆ ಒದರುವುದು, ದೇಹದ ಒಂದು ಪಕ್ಷವು ಹತವಾಗುವುದು, ಕೊರಳು ಬಾಗುವುದು ಇವುಗಳನ್ನು ಎಣಿಸಿದೆ. ಇಂಥ ಮಗುವಿಗೆ ಅಂಗವೈಕಲ್ಯ ಅಥವಾ ಮರಣ ತಪ್ಪದೆಂದೂ ಅಲ್ಲಿ ಹೇಳಿದೆ. ಕಾರಣವನ್ನು ಗ್ರಹಕ್ಕೆ ಆರೋಪಿಸಿದ್ದರೂ, ಲಕ್ಷಣಗಳನ್ನು ಕಂಡು ದಾಖಲಿಸಿದ ಕಣ್ಣು ವೈದ್ಯನದೇ ಎಂಬುದರಲ್ಲಿ ಸಂದೇಹವಿಲ್ಲ. ಸೆಳವು, ಜ್ವರ, ಅರ್ಧಾಂಗದ ನಿಶ್ಚಲತೆ ಇವು ಒಟ್ಟಾಗಿ ಬರುವ ಸ್ಥಿತಿಯನ್ನು ಇಂದಿನ ವೈದ್ಯನೂ ಕಾಣುತ್ತಾನೆ.

ಕನ್ನಡದಲ್ಲಿಯೂ ಈ ಪರಂಪರೆ ಮುಂದುವರಿಯಿತು. ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯಂಥ ಗ್ರಂಥದ ಹೆಸರೇ ಮಕ್ಕಳ ರೋಗವನ್ನು ಬೇರೆಯಾಗಿ ಎಣಿಸುತ್ತಿದ್ದರೆಂಬುದಕ್ಕೆ ಸಾಕ್ಷಿ. ಜನರ ಬಾಯಲ್ಲಿ ಮಾತ್ರ ಇದು ‘ಲಕ್ವ ಹೊಡೆಯುವುದು’, ‘ಗಾಳಿ ಸೋಕುವುದು’ ಎಂದೇ ಉಳಿಯಿತು. ತಾಯಿತ, ಬರೆ, ಎಣ್ಣೆ ತಿಕ್ಕುವುದು, ಪಾರಿವಾಳದ ನೆತ್ತರು ಸವರುವುದು ಮುಂತಾದ ಉಪಚಾರಗಳು ಈ ಹೆಸರುಗಳನ್ನೇ ಹಿಂಬಾಲಿಸಿ ಬಂದವು.

ಇಪ್ಪತ್ತನೆಯ ಶತಮಾನದಲ್ಲಿ ಈ ತೊಡಕು ಇಮ್ಮಡಿಯಾಯಿತು. ಪೋಲಿಯೋ ರೋಗವೂ ಮಕ್ಕಳ ಲಕ್ವವೆಂದೇ ಕರೆಸಿಕೊಂಡಿತು. ಹಳೆಯ ದಾಖಲೆಯಲ್ಲಿ ‘ಲಕ್ವ ಬಡಿದ ಮಗು’ ಎಂಬ ಮಾತು ಕಂಡಾಗ, ಅದು ಬೆನ್ನುಹುರಿಯ ಪೋಲಿಯೋವೋ ಮಿದುಳಿನ ರಕ್ತನಾಳದ ಆಘಾತವೋ ಎಂಬುದನ್ನು ವಿವೇಚಿಸದೆ ಮುಂದುವರಿಯುವಂತಿಲ್ಲ. ಪೋಲಿಯೋದಲ್ಲಿ ಸಾಮಾನ್ಯವಾಗಿ ಒಂದು ಕಾಲು ಸಡಿಲಬಿದ್ದು ಬಡವಾಗುತ್ತದೆ. ಮುಖವೂ ಮಾತೂ ಕೆಡುವುದು ಅಪರೂಪ. ಮಿದುಳಿನ ಆಘಾತದಲ್ಲಿ ಒಂದೇ ಕಡೆಯ ಕೈಕಾಲುಗಳೂ ಹಲವು ವೇಳೆ ಮುಖವೂ ಸೋಲುತ್ತವೆ, ವಾರಗಳು ಕಳೆದಂತೆ ಆ ಅಂಗಗಳು ಬಿಗಿಯಾಗುತ್ತವೆ. ಆದರೆ ಮೊದಲ ದಿನಗಳಲ್ಲಿ ಇದೂ ಸಡಿಲವಾಗಿಯೇ ಇರಬಹುದಾದ್ದರಿಂದ ಕಣ್ಣಳತೆಯ ನಿರ್ಣಯ ತಪ್ಪುವುದು ಸಹಜ. ಭಾರತದಲ್ಲಿ ಕಾಡುಪೋಲಿಯೋದ ಕೊನೆಯ ಪ್ರಕರಣ ೨೦೧೧ರ ಜನವರಿಯದು. ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ದೊರೆತದ್ದು ೨೦೧೪ರ ಮಾರ್ಚಿಯಲ್ಲಿ. ಪೋಲಿಯೋ ತೊಲಗಿದ ಮೇಲೆಯೇ, ಅದರ ಹೆಸರಿನ ಮರೆಯಲ್ಲಿದ್ದ ಇತರ ಲಕ್ವಗಳು ಸ್ಪಷ್ಟವಾಗಿ ಕಾಣತೊಡಗಿದವು.

೨. ಗ್ರಹದಿಂದ ರಕ್ತನಾಳದವರೆಗೆ

ಯೂರೋಪಿನಲ್ಲಿ ಮಗುವಿನ ಅರ್ಧಾಂಗವಾಯುವನ್ನು ಮೊದಲಿಗೆ ವರ್ಣಿಸಿದವನೆಂದು ಹದಿನೇಳನೆಯ ಶತಮಾನದ ಆಂಗ್ಲ ವೈದ್ಯ ಥಾಮಸ್ ವಿಲ್ಲಿಸ್‌ನನ್ನು ಹೆಸರಿಸುವರು. ಮಿದುಳಿನ ತಳದಲ್ಲಿರುವ ಧಮನಿಗಳ ಚಕ್ರಕ್ಕೆ ಇಂದಿಗೂ ಅವನ ಹೆಸರೇ ಇದೆ. ೧೮೮೯ರಲ್ಲಿ ವಿಲಿಯಂ ಆಸ್ಲರನು ಮಕ್ಕಳ ಮಿದುಳಿನ ಲಕ್ವಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ೧೮೯೧ರಲ್ಲಿ ಸಿಗ್ಮಂಡ್ ಫ್ರಾಯ್ಡನು ತನ್ನ ಸಹೋದ್ಯೋಗಿ ಆಸ್ಕರ್ ರೀ ಎಂಬಾತನೊಡನೆ ಮಕ್ಕಳ ಅರ್ಧಾಂಗವಾಯುವನ್ನು ಕುರಿತು ಬರೆದನು. ಮನೋವಿಶ್ಲೇಷಣೆಯ ಪ್ರವರ್ತಕನಾಗಿ ಮಾತ್ರ ಫ್ರಾಯ್ಡನನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿಡುವುದು ಯುಕ್ತ.

ಇವರೆಲ್ಲರೂ ಲಕ್ಷಣಗಳನ್ನೂ ಮರಣೋತ್ತರ ಪರೀಕ್ಷೆಯನ್ನೂ ಅವಲಂಬಿಸಿದವರು. ಬದುಕಿರುವ ಮಗುವಿನ ರಕ್ತನಾಳವನ್ನು ಕಾಣುವುದು ಸಾಧ್ಯವಾದದ್ದು ೧೯೨೭ರಲ್ಲಿ ಪೋರ್ಚುಗಲ್ಲಿನ ಈಗಾಸ್ ಮೋನಿಜನು ಧಮನಿಚಿತ್ರಣವನ್ನು ರೂಪಿಸಿದ ಮೇಲೆ. ೧೯೫೭ರಲ್ಲಿ ಜಪಾನಿನ ವೈದ್ಯರು ಮಿದುಳಿನ ಮುಖ್ಯ ಧಮನಿಗಳು ಕ್ರಮೇಣ ಕಿರಿದಾಗುವ ಒಂದು ರೋಗವನ್ನು ಗುರುತಿಸಿದರು. ಅದರಲ್ಲಿ ಬೆಳೆಯುವ ಸಣ್ಣ ನಾಳಗಳ ಜಾಲವು ಚಿತ್ರದಲ್ಲಿ ಹೊಗೆಯಂತೆ ಕಾಣುವುದರಿಂದ, ೧೯೬೯ರಲ್ಲಿ ಸುಜುಕಿ ಮತ್ತು ಟಕಾಕು ಎಂಬವರು ಅದಕ್ಕೆ ‘ಮೋಯಮೋಯ’ ಎಂಬ ಜಪಾನೀ ಹೆಸರನ್ನೇ ಇಟ್ಟರು. ೧೯೭೧ರಲ್ಲಿ ಬಂದ ಸಿ.ಟಿ. ಸ್ಕ್ಯಾನ್, ಅನಂತರ ಬಂದ ಎಂ.ಆರ್.ಐ. ಯಂತ್ರಗಳು ಈ ಕಾರ್ಯವನ್ನು ಸುಲಭಗೊಳಿಸಿದವು.

ಹೀಗೆ ಕಂಡುಬಂದ ಕಾರಣಗಳು ವಯಸ್ಕರ ಕಾರಣಗಳಿಗಿಂತ ಬೇರೆ. ರಕ್ತದೊತ್ತಡ, ಮಧುಮೇಹ, ತಂಬಾಕು ಇಲ್ಲಿ ಮುಖ್ಯವಲ್ಲ. ಹುಟ್ಟಿನಿಂದ ಬಂದ ಹೃದ್ರೋಗ, ಸಂಧಿವಾತ ಜ್ವರದಿಂದ ಕೆಟ್ಟ ಹೃದಯದ ಕವಾಟ, ಮಿದುಳಿನ ಪೊರೆಗೆ ತಗಲುವ ಕ್ಷಯ, ಸೀತಾಳೆ ಸಿಡುಬಿನ ತರುವಾಯ ಧಮನಿಗೆ ಬರುವ ಉರಿಯೂತ, ರಕ್ತಕಣಗಳ ವಂಶಾನುಗತ ದೋಷ, ವಾಂತಿಭೇದಿಯಿಂದ ನೀರು ಬತ್ತಿದಾಗ ಮಿದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಇವು ಪ್ರಧಾನವಾದವು. ಕಬ್ಬಿಣದ ಕೊರತೆಯ ರಕ್ತಹೀನತೆಯೂ ಈ ಅಪಾಯವನ್ನು ಹೆಚ್ಚಿಸುವುದೆಂದು ಕೆನಡಾದ ಟೊರಾಂಟೋ ವೈದ್ಯರು ೨೦೦೭ರಲ್ಲಿ ತೋರಿಸಿದರು. ಮಂಚದಿಂದಲೋ ತೊಡೆಯಿಂದಲೋ ಬಿದ್ದ ಕೂಸಿಗೆ ಅಲ್ಪ ಪೆಟ್ಟಿನ ಬೆನ್ನಲ್ಲೇ ಅರ್ಧಾಂಗವು ಬಿದ್ದುಹೋಗುವುದನ್ನೂ, ಅಂಥ ಕೂಸುಗಳ ಮಿದುಳಿನ ಆಳದ ಸಣ್ಣ ನಾಳಗಳಲ್ಲಿ ಸುಣ್ಣದಂಶ ಸೇರಿರುವುದನ್ನೂ ಹೈದರಾಬಾದಿನ ವೈದ್ಯರು ೨೦೧೪ರಲ್ಲಿ ವಿವರಿಸಿದರು. ‘ಬಿದ್ದ ಮೇಲೆ ಗಾಳಿ ಸೋಕಿತು’ ಎಂಬ ಅಜ್ಜಿಯರ ಮಾತಿನಲ್ಲಿ ಗಾಳಿಯನ್ನು ಬಿಟ್ಟರೂ ಬಿದ್ದುದನ್ನು ಬಿಡುವಂತಿಲ್ಲವೆಂದು ಇದರಿಂದ ತಿಳಿಯುತ್ತದೆ.

೩. ನಾಲ್ಕು ತಾಲ್ಲೂಕುಗಳು

ಗೌರಿಬಿದನೂರಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳಿಗೆ ೧೯೧೦ರ ದಶಕದಲ್ಲಿಯೂ ರೈಲುಮಾರ್ಗಗಳು ಬಂದವು. ಅದೇ ಕಾಲಕ್ಕೆ ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ವಾರ್ಡ್ಲಾ ಥಾಮ್ಸನ್ ಸ್ಮಾರಕ ಆಸ್ಪತ್ರೆಯನ್ನು ನಡೆಸತೊಡಗಿದರು. ಆದರೆ ಆಗಿನ ಅತ್ಯುತ್ತಮ ವೈದ್ಯನ ಕೈಯಲ್ಲಿಯೂ ಮಿದುಳಿನ ಪೊರೆಯ ಕ್ಷಯಕ್ಕೆ ಮದ್ದಿರಲಿಲ್ಲ. ಆ ರೋಗ ತಗಲಿದ ಮಗು ಉಳಿಯುತ್ತಿದ್ದುದೇ ಅಪೂರ್ವ. ೧೯೪೪ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್, ೧೯೫೨ರಲ್ಲಿ ಬಳಕೆಗೆ ಬಂದ ಐಸೋನಿಯಾಜಿಡ್ ಇವುಗಳಿಂದ ಮಕ್ಕಳು ಉಳಿಯತೊಡಗಿದರು. ಉಳಿದವರಲ್ಲಿ ಹಲವರಿಗೆ, ಪೊರೆಯ ಉರಿಯೂತದಲ್ಲಿ ಸಿಕ್ಕಿ ಮುಚ್ಚಿಹೋದ ಧಮನಿಗಳ ಫಲವಾಗಿ ಅರ್ಧಾಂಗದ ಸೋಲು ಉಳಿಯಿತು. ಮಕ್ಕಳ ಪಾರ್ಶ್ವವಾಯುವು ಸಮಾಜದ ಕಣ್ಣಿಗೆ ಬೀಳುವಂತಾದುದಕ್ಕೆ ಮರಣವು ತಗ್ಗಿದ್ದೂ ಒಂದು ಕಾರಣವೆಂಬುದನ್ನು ಇತಿಹಾಸಕಾರನು ಮರೆಯಬಾರದು.

ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ೧೯೬೧ರಿಂದ ೧೯೬೮ರವರೆಗೆ ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳ ೧೧೯ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆ ಲೋಕವಿಖ್ಯಾತವಾದುದು. ದೇವನಹಳ್ಳಿ ಚಿಕ್ಕಬಳ್ಳಾಪುರದ ನೆರೆಯ ತಾಲ್ಲೂಕು. ಆದರೆ ಆ ಸಮೀಕ್ಷೆಯಲ್ಲಿ ಎಕ್ಸ್-ರೇ ಪರೀಕ್ಷೆ ಐದು ವರ್ಷ ತುಂಬಿದವರಿಗೆ ಮಾತ್ರ ನಡೆಯಿತು. ಮಿದುಳಿನ ಪೊರೆಯ ಕ್ಷಯವಾದರೋ ಐದರೊಳಗಿನ ಮಕ್ಕಳನ್ನೇ ಹೆಚ್ಚಾಗಿ ಬಲಿ ತೆಗೆದುಕೊಳ್ಳುವಂಥದು. ಶ್ವಾಸಕೋಶದ ಕ್ಷಯವನ್ನು ಅಳೆಯಲು ಹೊರಟ ಆ ಕಾರ್ಯದಲ್ಲಿ ಇದು ಲೋಪವಲ್ಲ. ಆದರೂ ನಮ್ಮ ವಿಷಯಕ್ಕೆ ಅಲ್ಲಿ ಆಧಾರ ದೊರೆಯದು.

ಎರಡನೆಯ ಮಹತ್ತ್ವದ ಘಟ್ಟ ಗೌರಿಬಿದನೂರಿನದು. ೧೯೭೪ರಲ್ಲಿ ರೂಪುಗೊಂಡ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ನಿಮ್ಹಾನ್ಸ್, ೧೯೮೦ರ ದಶಕದಲ್ಲಿ ಈ ಪಟ್ಟಣದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ನರರೋಗಗಳ ಸಮೀಕ್ಷೆಯನ್ನು ನಡೆಸಿತು. ಡಾಕ್ಟರ್ ಎಂ. ಗೌರಿದೇವಿಯವರೂ ಅವರ ಸಹೋದ್ಯೋಗಿಗಳೂ ಅದರ ಫಲಿತಾಂಶಗಳನ್ನು ೧೯೮೭ರಲ್ಲಿ ಪ್ರಕಟಿಸಿದರು. ಸಮೀಕ್ಷೆಗೆ ಒಳಪಟ್ಟವರು ಸುಮಾರು ೫೭ ಸಾವಿರ ಜನ. ೧೯೯೩ರಿಂದ ೧೯೯೫ರವರೆಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರಗಳಲ್ಲಿ ೧,೦೨,೫೫೭ ಜನರ ಇನ್ನೊಂದು ಸಮೀಕ್ಷೆ ನಡೆದು, ಅದರ ವರದಿ ೨೦೦೪ರಲ್ಲಿ ಹೊರಬಂದಿತು. ನರರೋಗಗಳ ಪ್ರಮಾಣ ಲಕ್ಷಕ್ಕೆ ಹಳ್ಳಿಗಳಲ್ಲಿ ೪,೦೭೦, ನಗರದಲ್ಲಿ ೨,೧೯೦ ಎಂದು ಅದರಿಂದ ತಿಳಿಯಿತು. ನರರೋಗವು ನಗರಜೀವನದ ಫಲವೆಂಬ ಭಾವನೆಯನ್ನು ಈ ಅಂಕಿಗಳು ನಿರಾಕರಿಸುತ್ತವೆ.

ಆದರೆ ಇಂಥ ಸಮೀಕ್ಷೆಗಳ ಬಲೆಗೆ ಮಕ್ಕಳ ಪಾರ್ಶ್ವವಾಯು ಸಿಕ್ಕುವುದು ಕಷ್ಟ. ೫೭ ಸಾವಿರ ಜನರಲ್ಲಿ ಮಕ್ಕಳು ೨೦ ಸಾವಿರವೆಂದೂ, ರೋಗವು ಲಕ್ಷಕ್ಕೆ ೫ರಂತೆ ಬರುವುದೆಂದೂ ಇಟ್ಟುಕೊಂಡರೆ, ವರ್ಷಕ್ಕೆ ಒಂದೇ ಒಂದು ಮಗುವಿಗೆ ಅದು ಬಂದಂತಾಗುತ್ತದೆ. ಇದೇ ಲೆಕ್ಕವನ್ನು ಇಡೀ ಜಿಲ್ಲೆಗೆ ವಿಸ್ತರಿಸೋಣ. ೨೦೧೧ರ ಜನಗಣತಿಯಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ ೧೨,೫೫,೧೦೪. ಮಕ್ಕಳನ್ನು ೩ ಲಕ್ಷವೆಂದು ಎಣಿಸಿದರೆ ವರ್ಷಕ್ಕೆ ಸುಮಾರು ೧೫ ಮಕ್ಕಳು. ಇದು ಅಂದಾಜೇ ಹೊರತು ಎಣಿಕೆಯಲ್ಲ. ಆದರೂ ಹತ್ತು ವರ್ಷಗಳಲ್ಲಿ ನೂರೈವತ್ತು ಮನೆಗಳ ಪ್ರಶ್ನೆ ಇದೆಂಬುದನ್ನು ಅಂದಾಜೂ ತಿಳಿಸಬಲ್ಲದು.

೪. ಚಿಕಿತ್ಸೆ ಮತ್ತು ಮರುಕಳಿಕೆ

ಚಿಕಿತ್ಸೆಯ ಇತಿಹಾಸದಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ವಯಸ್ಕರಲ್ಲಿ ಹೆಪ್ಪನ್ನು ಕರಗಿಸುವ ಔಷಧದ ಉಪಯೋಗವು ೧೯೯೫ರಲ್ಲಿ ಸ್ಥಿರಪಟ್ಟಿತು. ಮಕ್ಕಳಲ್ಲಿ ಅದನ್ನು ಪರೀಕ್ಷಿಸಲು ಅಮೆರಿಕದಲ್ಲಿ ಆರಂಭಿಸಿದ ಪ್ರಯೋಗವು, ಸಾಕಷ್ಟು ಮಕ್ಕಳು ಸಕಾಲದಲ್ಲಿ ದೊರೆಯಲಿಲ್ಲವೆಂಬ ಕಾರಣದಿಂದ ೨೦೧೩ರಲ್ಲಿ ನಿಂತುಹೋಯಿತು. ಯಂತ್ರಸಾಧನಗಳು ತುಂಬಿದ ದೇಶದಲ್ಲಿಯೂ ರೋಗವನ್ನು ಗುರುತಿಸುವಲ್ಲಿ ವಿಳಂಬವಾಗುತ್ತಿದ್ದಿತು. ಹೀಗಿರುವಾಗ, ಬೆಂಗಳೂರಿನಿಂದ ೬೦-೮೦ ಕಿಲೋಮೀಟರು ದೂರದ ಈ ತಾಲ್ಲೂಕುಗಳ ಹಳ್ಳಿಗಳಲ್ಲಿ, ಮೊದಲು ತಾಯಿತ, ಬಳಿಕ ಎಣ್ಣೆ, ಆಮೇಲೆ ಆಸ್ಪತ್ರೆ ಎಂಬ ಕ್ರಮದಲ್ಲಿ ನಡೆದರೆ ಕಳೆಯುವ ಕಾಲವೆಷ್ಟೆಂಬುದನ್ನು ಊಹಿಸಬಹುದು.

ಹೋದ ಅಂಗಬಲವನ್ನು ಪೂರ್ತಿಯಾಗಿ ಮರಳಿ ಕೊಡುವ ಮದ್ದಿಲ್ಲ. ವ್ಯಾಯಾಮ ಚಿಕಿತ್ಸೆಯೂ ಬೆಳೆಯುವ ಮಿದುಳಿನ ಸ್ವಾಭಾವಿಕ ಶಕ್ತಿಯೂ ಸೇರಿ ಸಾಕಷ್ಟು ಸುಧಾರಣೆ ತರುತ್ತವೆ. ವೈದ್ಯನ ಕೈಯಲ್ಲಿ ನಿಜವಾಗಿ ಇರುವುದು ಎರಡನೆಯ ಆಘಾತವನ್ನು ತಡೆಯುವ ಕಾರ್ಯ. ಈ ತಡೆಯೆಲ್ಲವೂ ಕಾರಣವನ್ನು ಅವಲಂಬಿಸಿದೆ. ನವಜಾತ ಶಿಶುವಿಗೆ ಬಂದ ಆಘಾತವು ಮರುಕಳಿಸುವುದು ತೀರ ವಿರಳ. ಕ್ಯಾಲಿಫೋರ್ನಿಯದ ಮಕ್ಕಳನ್ನು ಕುರಿತು ೨೦೦೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡ ಮಕ್ಕಳಲ್ಲಿ ಐದು ವರ್ಷಗಳೊಳಗೆ ಮರುಕಳಿಕೆಯ ಪ್ರಮಾಣ ನೂರಕ್ಕೆ ೧೯. ಆದರೆ ಧಮನಿಗಳು ಸರಿಯಾಗಿದ್ದ ಮಕ್ಕಳಲ್ಲಿ ಒಂದೂ ಮರುಕಳಿಸಲಿಲ್ಲ. ಧಮನಿಗಳು ಕೆಟ್ಟಿದ್ದವರಲ್ಲಿ ಅದು ನೂರಕ್ಕೆ ೬೬ಕ್ಕೇರಿತು. ನೂರಕ್ಕೆ ೧೯ ಎಂಬ ಸರಾಸರಿಯು ಯಾವ ಒಂದು ಮಗುವಿಗೂ ಅನ್ವಯಿಸುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಧಮನಿಯ ಚಿತ್ರವನ್ನು ತೆಗೆಯದೆ ತಂದೆತಾಯಿಗಳಿಗೆ ಭಯವನ್ನಾಗಲಿ ಭರವಸೆಯನ್ನಾಗಲಿ ಹೇಳುವುದು ನಿರಾಧಾರ.

ಕುಡುಗೋಲು ಕಣದ ರಕ್ತರೋಗದ ಉದಾಹರಣೆ ಇನ್ನೂ ಬೋಧಪ್ರದವಾದುದು. ಭಾರತದಲ್ಲಿ ಈ ರೋಗವು ೧೯೫೨ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಮೊದಲು ಗುರುತಿಸಲ್ಪಟ್ಟಿತು. ಕರ್ನಾಟಕದಲ್ಲಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲಿ ಅದು ಕಂಡುಬರುತ್ತದೆ. ಇದರಿಂದ ಆಘಾತಕ್ಕೆ ಒಳಗಾದ ಮಕ್ಕಳನ್ನು ಹಾಗೆಯೇ ಬಿಟ್ಟರೆ ಮೂವರಲ್ಲಿ ಸುಮಾರು ಇಬ್ಬರಿಗೆ ಮತ್ತೆ ಬರುತ್ತಿದ್ದಿತು. ಕ್ರಮವಾಗಿ ರಕ್ತ ಕೊಡುವುದರಿಂದ ಈ ಪ್ರಮಾಣ ಬಹಳ ತಗ್ಗುತ್ತದೆ. ಮಿದುಳಿನ ಧಮನಿಯಲ್ಲಿ ರಕ್ತದ ವೇಗವು ಸೆಕೆಂಡಿಗೆ ೨೦೦ ಸೆಂಟಿಮೀಟರಿಗೆ ಏರಿದ ಮಕ್ಕಳಿಗೆ ಮೊದಲೇ ರಕ್ತ ಕೊಟ್ಟರೆ, ಮೊದಲನೆಯ ಆಘಾತವೇ ನೂರಕ್ಕೆ ೯೨ರಷ್ಟು ಕಡಮೆಯಾಗುವುದೆಂದು ೧೯೯೮ರ ಅಮೆರಿಕದ ಪ್ರಯೋಗವು ಸಿದ್ಧಪಡಿಸಿತು.

ಇತರ ಕಾರಣಗಳಿಗೂ ಹೀಗೆಯೇ ಬೇರೆ ಬೇರೆ ತಡೆಗಳಿವೆ: ಧಮನಿಯ ದೋಷಕ್ಕೆ ಅಲ್ಪಪ್ರಮಾಣದ ಆಸ್ಪಿರಿನ್, ಮೋಯಮೋಯ ರೋಗಕ್ಕೆ ಹೊಸ ರಕ್ತಮಾರ್ಗವನ್ನು ಕೂಡಿಸುವ ಶಸ್ತ್ರಚಿಕಿತ್ಸೆ, ಸಂಧಿವಾತ ಜ್ವರಕ್ಕೆ ವರ್ಷಗಟ್ಟಲೆ ಪೆನಿಸಿಲಿನ್, ಕ್ಷಯಕ್ಕೆ ಪೂರ್ಣಾವಧಿಯ ಔಷಧ ಮತ್ತು ಹುಟ್ಟಿದೊಡನೆ ಬಿ.ಸಿ.ಜಿ., ರಕ್ತಹೀನತೆಗೆ ಕಬ್ಬಿಣ. ಇವುಗಳಲ್ಲಿ ಕೊನೆಯ ಮೂರು ತಾಲ್ಲೂಕು ಆಸ್ಪತ್ರೆಯ ಶಕ್ತಿಗೆ ಮೀರಿದವಲ್ಲ.

೫. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು, ಈ ರೋಗದ ಇತಿಹಾಸವು ಬಹುಮಟ್ಟಿಗೆ ಹೆಸರಿಡುವಿಕೆಯ ಇತಿಹಾಸ. ಗ್ರಹ, ವಾತ, ಪೋಲಿಯೋ ಎಂಬ ಹೆಸರುಗಳು ಒಂದಾದ ಮೇಲೊಂದು ಅದನ್ನು ಮರೆಮಾಡಿದವು. ಎರಡನೆಯದು, ಕಾರಣವನ್ನು ಹೆಸರಿಸದ ಮಗುವಿಗೆ ಮರುಕಳಿಕೆಯಿಂದ ರಕ್ಷಣೆಯಿಲ್ಲ. ೨೦೨೨ರಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ರಾಜ್ಯ ಸರ್ಕಾರವೂ ಕೂಡಿ ಮಿದುಳಿನ ಆರೋಗ್ಯದ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ, ಕೋಲಾರದೊಡನೆ ಚಿಕ್ಕಬಳ್ಳಾಪುರ ಜಿಲ್ಲೆಯನ್ನೂ ಆರಿಸಿಕೊಂಡವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೆ ಪಾರ್ಶ್ವವಾಯು, ಅಪಸ್ಮಾರ ಮುಂತಾದವನ್ನು ಗುರುತಿಸುವ ಶಿಕ್ಷಣ ಕೊಡುವುದು ಅದರ ಒಂದು ಅಂಗ. ಗೌರಿಬಿದನೂರಿನ ಸಮೀಕ್ಷೆಯಿಂದ ಆರಂಭವಾದ ಕಾರ್ಯದ ಮುಂದುವರಿಕೆಯೆಂದೇ ಇದನ್ನು ಎಣಿಸಬಹುದು.

ಇನ್ನು ಇತಿಹಾಸ ವಿಭಾಗಗಳ ಪಾಲಿಗೆ ಉಳಿದ ಕೆಲಸವೂ ಇದೆ. ಈ ನಾಲ್ಕು ಊರುಗಳ ಆಸ್ಪತ್ರೆಗಳ ಹಳೆಯ ದಾಖಲೆ ಪುಸ್ತಕಗಳು, ಮಿಷನ್ನಿನ ವಾರ್ಷಿಕ ವರದಿಗಳು, ಶಾಲೆಗಳ ಹಾಜರಿ ಪಟ್ಟಿಗಳು, ಮನೆತನದ ವೈದ್ಯರ ಓಲೆಗರಿಗಳು ಇವುಗಳಲ್ಲಿ ‘ಲಕ್ವ’ ಎಂಬ ಮಾತು ಬಂದೆಡೆಯಲ್ಲೆಲ್ಲ ನಿಂತು, ಯಾವ ವಯಸ್ಸು, ಯಾವ ಪಾರ್ಶ್ವ, ಜ್ವರವಿತ್ತೇ, ಮತ್ತೆ ಬಂದಿತೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕುಗಳಲ್ಲಿ ಈ ಕಾರ್ಯವನ್ನು ಕೈಗೊಂಡಲ್ಲಿ, ಇತಿಹಾಸಕ್ಕೂ ವೈದ್ಯಕ್ಕೂ ಏಕಕಾಲದಲ್ಲಿ ಉಪಕಾರವಾದೀತು.