ಸರ್ವಾಧಿಕಾರಿಯೂ ಕ್ಷೌರಿಕನೂ

ಆಳುವವರ ಇದಿರಿಗೆ ನಗೆಯು ನಿಲ್ಲಬಲ್ಲುದೇ ಎಂಬ ಪ್ರಶ್ನೆಯು ಹಳೆಯದು. ನಮ್ಮ ಸಂಸ್ಕೃತ ನಾಟಕಗಳ ವಿದೂಷಕನು ರಾಜನನ್ನು ಹಾಸ್ಯಮಾಡುವನು. ಆದರೆ ರಾಜನ ನರ್ಮಸಚಿವನಾಗಿ, ಅರಮನೆಯ ಮೋದಕವನ್ನು ನೆನೆಯುತ್ತ ಹಾಸ್ಯಮಾಡುವನು. ಏಳನೆಯ ಶತಮಾನದಲ್ಲಿ ಪಲ್ಲವ ಮಹೇಂದ್ರವರ್ಮನು ತಾನೇ 'ಮತ್ತವಿಲಾಸ'ವೆಂಬ ಪ್ರಹಸನವನ್ನು ರಚಿಸಿದನು. ಅಲ್ಲಿ ನಗೆಗೀಡಾದವರು ಕಾಪಾಲಿಕರು, ಭಿಕ್ಷುಗಳು; ಸಿಂಹಾಸನವಲ್ಲ. ಯಾರ ಅಪ್ಪಣೆಯನ್ನೂ ಬೇಡದೆ ಸಿಂಹಾಸನವನ್ನೇ ಪರಿಹಾಸಮಾಡಿದ ಕೃತಿಯೊಂದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅದು ಚಾರ್ಲಿ ಚಾಪ್ಲಿನ್ನನ 'ದಿ ಗ್ರೇಟ್ ಡಿಕ್ಟೇಟರ್' ಎಂಬ ವಾಕ್ಚಿತ್ರ.

ಚಾಪ್ಲಿನ್ನನೂ ಜರ್ಮನಿಯ ಹಿಟ್ಲರನೂ 1889ರ ಏಪ್ರಿಲ್ ತಿಂಗಳಲ್ಲಿ, ನಾಲ್ಕೇ ದಿನಗಳ ಅಂತರದಲ್ಲಿ ಹುಟ್ಟಿದವರು. ಇಬ್ಬರ ಗಿಡ್ಡ ಮೀಸೆಯೂ ಲೋಕಪ್ರಸಿದ್ಧ. ಈ ಸಾದೃಶ್ಯವೇ ಕಥೆಗೆ ಬೀಜವಾಯಿತು. ಟೊಮೇನಿಯವೆಂಬ ಕಲ್ಪಿತ ದೇಶದ ಸರ್ವಾಧಿಕಾರಿ ಹಿಂಕೆಲ್. ಅವನನ್ನೇ ಹೋಲುವ ಬಡ ಯೆಹೂದ್ಯ ಕ್ಷೌರಿಕನೊಬ್ಬ. ಎರಡು ಪಾತ್ರಗಳನ್ನೂ ಚಾಪ್ಲಿನ್ನನೇ ಧರಿಸಿದನು. ಮುಸೊಲಿನಿಯ ಪ್ರತಿಬಿಂಬವಾದ ನೆಪಲೋನಿಯೂ ಅಲ್ಲುಂಟು. ಮೂಕಚಿತ್ರವನ್ನು ಬಿಡಲೊಲ್ಲದೆ ಬಹುಕಾಲ ತಡೆದಿದ್ದ ಚಾಪ್ಲಿನ್ನನು ಪೂರ್ಣವಾಗಿ ಮಾತನಾಡಿದ ಮೊದಲ ಚಿತ್ರವಿದು. 1939ರ ಸೆಪ್ಟೆಂಬರಿನಲ್ಲಿ, ಯುದ್ಧವು ಹೊತ್ತಿಕೊಂಡ ಕೆಲವೇ ದಿನಗಳಲ್ಲಿ, ಸ್ವಂತ ಹಣದಿಂದ ಚಿತ್ರೀಕರಣವನ್ನಾರಂಭಿಸಿದನು. 1940ರ ಅಕ್ಟೋಬರ್ 15ರಂದು ನ್ಯೂಯಾರ್ಕಿನಲ್ಲಿ ಅದು ಪ್ರದರ್ಶಿತವಾಯಿತು. ಅಮೆರಿಕವು ಆಗಿನ್ನೂ ಯುದ್ಧಕ್ಕಿಳಿದಿರಲಿಲ್ಲ.

ವೇಷ, ವಚನ, ಚೇಷ್ಟೆಗಳ ವಿಕಾರದಿಂದ ಹಾಸ್ಯವು ಹುಟ್ಟುವುದೆಂದು ನಮ್ಮ ಲಾಕ್ಷಣಿಕರ ಮತ. ಆ ಮೂರೂ ಇಲ್ಲಿ ಸಮೃದ್ಧವಾಗಿವೆ. ಹಿಂಕೆಲನು ಅರ್ಥವಿಲ್ಲದ ಶಬ್ದಗಳನ್ನು ಜರ್ಮನ್ ಭಾಷೆಯ ಧಾಟಿಯಲ್ಲಿ ಅಬ್ಬರಿಸುವಾಗ ಧ್ವನಿಗ್ರಾಹಕ ಯಂತ್ರವೇ ಹೆದರಿ ಹಿಂದಕ್ಕೆ ಬಾಗುತ್ತದೆ. ಭೂಗೋಲವನ್ನು ಬುಗ್ಗೆಯಂತೆ ತೂರಿ ಆಡುತ್ತಿರುವಾಗ ಅದು ಕೈಯಲ್ಲೇ ಒಡೆದುಹೋಗುತ್ತದೆ. ಕಡೆಗೆ ಸೈನಿಕರು ಕ್ಷೌರಿಕನನ್ನೇ ಸರ್ವಾಧಿಕಾರಿಯೆಂದು ಭ್ರಮಿಸಿ ವಂದಿಸುವರು. ಜನರು ಅಂಜಿದ್ದು ಮನುಷ್ಯನಿಗಲ್ಲ, ಉಡುಪಿಗೆ ಎಂಬುದೇ ಇದರ ರಾಜಕೀಯ ತಾತ್ಪರ್ಯ.

ಅನಂತರ ಕ್ಷೌರಿಕನು ಹಾಸ್ಯವನ್ನು ತೊರೆದು, ಮೂರು ನಿಮಿಷಕ್ಕೂ ಮಿಕ್ಕು, ಮಾನವರ ಸೌಹಾರ್ದವನ್ನು ಕುರಿತು ಭಾಷಣಮಾಡುವನು. ಇದು ರಸಭಂಗವೆಂದು ಆಕ್ಷೇಪಿಸಿದ ವಿಮರ್ಶಕರುಂಟು. ನನಗೆ ಹಾಗೆ ತೋರದು. ಪೀಡಿತರ ದುಃಖವು ಹಾಸ್ಯಕ್ಕೆ ವಿಭಾವವಾಗಲಾರದು. ಪೀಡಕನ ಡಂಭವು ಮಾತ್ರ ಆಗಬಲ್ಲುದು. ಆ ಎಲ್ಲೆಯು ಬಂದಾಗ ನಗೆಗಾರನು ಸುಮ್ಮನಾಗಬೇಕು, ಇಲ್ಲವೇ ನೇರವಾಗಿ ಮಾತನಾಡಬೇಕು. ಚಾಪ್ಲಿನ್ನನು ಎರಡನೆಯದನ್ನು ಆರಿಸಿಕೊಂಡನು. ನಾಜಿಗಳ ಬಂದೀಶಿಬಿರಗಳ ನಿಜವಾದ ಘೋರತೆಯನ್ನು ತಿಳಿದಿದ್ದರೆ ತಾನೀ ಚಿತ್ರವನ್ನು ತೆಗೆಯಲಾರದೆ ಹೋಗುತ್ತಿದ್ದೆನೆಂದು 1964ರ ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ.

ಹಿಟ್ಲರನು 1945ರಲ್ಲಿ ನಾಶವಾದುದು ಸೇನೆಗಳಿಂದ, ಚಿತ್ರದಿಂದಲ್ಲ. ಆದಾಗ್ಯೂ ಅವನ ಬಲವು ಉತ್ತುಂಗದಲ್ಲಿದ್ದಾಗಲೇ ಅವನನ್ನು ಕಂಡು ನಗಬಹುದೆಂದು ಲಕ್ಷಾಂತರ ಜನರಿಗೆ ತೋರಿಸಿಕೊಟ್ಟುದು ಅಲ್ಪವಾದ ಸೇವೆಯಲ್ಲ. ಭಯವು ತುಸು ಸಡಿಲಿದ ಮೇಲೆಯೇ ವಿವೇಕಕ್ಕೆ ಬಾಯಿ ಬರುವುದು.