ಕಾವೇರಿಯಿಂದ ಥೇಮ್ಸ್‌ವರೆಗೆ

ಮಹಾಲಯ ಪಕ್ಷ ಬಂದಾಗಲೆಲ್ಲ ಲಂಡನ್ನಿನ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಮೂಡುತ್ತದೆ: ಇಲ್ಲಿ ತೀರಿಕೊಂಡವರ ಅಸ್ಥಿಯನ್ನು ಊರಿನ ನದಿಗೇ ಒಯ್ಯಬೇಕೆ, ಥೇಮ್ಸ್ ಆದೀತೆ? ಈ ಪ್ರಶ್ನೆಯ ಹಿಂದೆ ದೀರ್ಘವಾದ ಇತಿಹಾಸವಿದೆ.

ಕೊಡಗಿನ ಭಾಗಮಂಡಲದಲ್ಲಿ ಕನ್ನಿಕೆಯು ಕಾವೇರಿಯನ್ನು ಕೂಡುತ್ತಾಳೆ; ಸುಜ್ಯೋತಿ ಗುಪ್ತಗಾಮಿನಿಯೆಂಬುದು ನಂಬಿಕೆ. ತಲಕಾವೇರಿಗೆ ಹೊರಟವರು ಮೊದಲು ಈ ಸಂಗಮದಲ್ಲಿ ಮಿಂದು, ಪಿತೃಗಳಿಗೆ ಪಿಂಡವಿಟ್ಟು, ಭಗಂಡೇಶ್ವರನ ದರ್ಶನ ಪಡೆಯುವುದು ವಾಡಿಕೆ. ಇದೇ ನದಿ ಶ್ರೀರಂಗಪಟ್ಟಣದ ಬಳಿ ಪಶ್ಚಿಮಕ್ಕೆ ತಿರುಗುವೆಡೆ ಪಶ್ಚಿಮವಾಹಿನಿ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಅಲ್ಲಿಯೂ ವಿಸರ್ಜಿಸಲಾಯಿತು.

ಆ ಕಾವೇರಿಯ ಸೀಮೆಯಿಂದ ಥೇಮ್ಸ್ ತೀರಕ್ಕೆ ಬಂದು ಮಡಿದವರಲ್ಲಿ ಕೊಡಗಿನ ಕೊನೆಯ ಅರಸನೂ ಒಬ್ಬ. 1834ರಲ್ಲಿ ಪದಚ್ಯುತನಾದ ಚಿಕ್ಕವೀರರಾಜೇಂದ್ರ ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಬಂದ. 1859ರಲ್ಲಿ ಲಂಡನ್ನಿನಲ್ಲಿ ಕಣ್ಮುಚ್ಚಿದ. ಅವನ ಹಿರಿಯರಾದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರು ವೀರಶೈವ ಸಂಪ್ರದಾಯದಂತೆ ಮಡಿಕೇರಿಯ ಗದ್ದಿಗೆಯಲ್ಲಿ ಸಮಾಧಿಸ್ಥರಾಗಿದ್ದಾರೆ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತ ದೀಕ್ಷೆ ಕೊಡಿಸಿದ ಗೌರಮ್ಮ 1864ರಲ್ಲಿ ತೀರಿಕೊಂಡಳು; ಅವಳ ಸಮಾಧಿ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಆ ಕಾಲದಲ್ಲಿ ದಹನವನ್ನು ಬಯಸಿದವರಿಗೂ ಇಲ್ಲಿ ಅದಕ್ಕೆ ಏರ್ಪಾಡಿರಲಿಲ್ಲ. 1846ರಲ್ಲಿ ಲಂಡನ್ನಿನಲ್ಲಿ ನಿಧನರಾದ ದ್ವಾರಕಾನಾಥ ಠಾಕೂರರನ್ನು ಕೆನ್ಸಲ್ ಗ್ರೀನ್‌ನಲ್ಲಿ ಹೂಳಲಾಯಿತು. ದಹನವು ಅಪರಾಧವಲ್ಲವೆಂದು ವೇಲ್ಸ್‌ನ ನ್ಯಾಯಾಲಯವೊಂದು ಹೇಳಿದ್ದು 1884ರಲ್ಲಿ. ಮರುವರ್ಷ ವೋಕಿಂಗ್‌ನಲ್ಲಿ ಮೊದಲ ದಹನ ನಡೆಯಿತು. 1902ರಲ್ಲಿ ಇದಕ್ಕೆಂದೇ ಕಾಯಿದೆ ಬಂತು, ಅದೇ ವರ್ಷ ಗೋಲ್ಡರ್ಸ್ ಗ್ರೀನ್ ಚಿತಾಗಾರವೂ ತೆರೆಯಿತು. ನೈಸರ್ಗಿಕ ಅಗ್ನಿಯಲ್ಲಿ ದಹನವಾಗಬೇಕೆಂದು ನ್ಯೂಕಾಸಲ್‌ನ ದಾವಿಂದರ್ ಘಾಯ್ ಹೂಡಿದ್ದ ದಾವೆಯಲ್ಲಿ, ಸೂಕ್ತ ಕಟ್ಟಡದೊಳಗೆ ಅದು ಕಾನೂನುಸಮ್ಮತವೆಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಹೀಗೆ ಮಣ್ಣಿನಿಂದ ಅಗ್ನಿಗೆ ದಾರಿ ತೆರೆಯಿತು. ಅಗ್ನಿಯಿಂದ ನೀರಿಗಿನ ದಾರಿಯೂ ಮುಚ್ಚಿಲ್ಲ. ಇಲ್ಲಿನ ನದಿಯಲ್ಲಿ ಚಿತಾಭಸ್ಮ ವಿಸರ್ಜಿಸಲು ಕಾನೂನಿನ ಅಡ್ಡಿಯಿಲ್ಲ. ಕುಡಿಯುವ ನೀರೆತ್ತುವ ತಾಣಗಳಿಂದ ದೂರವಿರಬೇಕು. ಪ್ಲಾಸ್ಟಿಕ್, ಲೋಹ ಅಥವಾ ಹೂಮಾಲೆಗಳನ್ನು ನೀರಿಗೆ ಬಿಡಬಾರದು. ಮರಣದ ನೋಂದಣಿ, ಚಿತಾಗಾರದ ಸರದಿ ಎಂದು ದಹನವೇ ವಾರ ಕಳೆದು ನಡೆಯುವುದುಂಟು. ಆಗ ಹತ್ತನೆಯ ದಿನವನ್ನು ಎಂದಿನಿಂದ ಎಣಿಸಬೇಕೆಂಬುದನ್ನು ಪುರೋಹಿತರೊಡನೆ ಮೊದಲೇ ವಿಚಾರಿಸುವುದು ಒಳಿತು.

ಥೇಮ್ಸ್ ಕಾವೇರಿಯಾದೀತೆ? ಉತ್ತರಕ್ಕೆ ನಮ್ಮ ಪೂಜಾವಿಧಿಯನ್ನೇ ನೋಡಬಹುದು. ಕಲಶಪೂಜೆಯಲ್ಲಿ ಗಂಗೆಯಿಂದ ತೊಡಗಿ ಏಳು ನದಿಗಳನ್ನು ಎದುರಿನ ನೀರಿಗೆ ಆವಾಹಿಸುತ್ತೇವೆ. ಆ ಸಾಲಿನ ಕೊನೆಯ ಹೆಸರು ಕಾವೇರಿ. ನಲ್ಲಿಯಿಂದ ತುಂಬಿದ ಚೊಂಬಿಗೂ ಆಕೆ ಬರುವಳೆಂಬ ನಂಬಿಕೆ ನಮ್ಮ ಹಿರಿಯರದು. ಊರಿಗೆ ಒಯ್ಯಬಲ್ಲವರು ಒಯ್ಯಲಿ. ಇಲ್ಲಿಯೇ ವಿಸರ್ಜಿಸಿದವರು ಕರ್ತವ್ಯದಲ್ಲಿ ಲೋಪವಾಯಿತೆಂದು ಕೊರಗಬೇಕಾಗಿಲ್ಲ.

ಸಮಾಧಿಯೋ ದಹನವೋ, ಕಾವೇರಿಯೋ ಥೇಮ್ಸೋ ಎಂಬುದನ್ನು ನಾವು ಬದುಕಿರುವಾಗಲೇ ಮಕ್ಕಳಿಗೆ ತಿಳಿಸೋಣ. ಇಲ್ಲೇ ಹುಟ್ಟಿ ಬೆಳೆದ ಅವರು ದುಃಖದ ಗಳಿಗೆಯಲ್ಲಿ ನಮ್ಮ ಮನಸ್ಸನ್ನು ಊಹಿಸುತ್ತ ಕೂರುವಂತಾಗಬಾರದು.